ಬ್ಯಾಂಕಿಗೆ ಬರೆದ ಕಾಗದಗಳು

ನಮ್ಮ ಅವ್ವನ ಹೆಸರಿನಲ್ಲಿ ಊರಿನ ಒಂದು ಬ್ಯಾಂಕಿನಲ್ಲಿ ಉಳಿತಾಯ ಖಾತೆಯೊಂದಿದೆ. ಅಪ್ಪ ತೀರಿಕೊಂಡ ಮೇಲೆ ಅವಳು ನಮ್ಮೊಡನೆ ಪುಣೆಗೆ ಬಂದಳು. ಖಾತೆ ಮಾತ್ರ ಊರಲ್ಲೇ ಉಳಿಯಿತು. ಕಳೆದ ಸಲ ಬಂಧುಗಳ ಮದುವೆಗೆಂದು ಊರಿಗೆ ಹೋದಾಗ ಪಾಸ್‌ಬುಕ್ ತುಂಬಿಸಿಕೊಂಡು ಬಂದೆ. ಬಡ್ಡಿ ಸೇರಿ ಒಂದಿಷ್ಟು ಬೆಳೆದಿರಬೇಕಾದ ಹಣ ಕರಗಿತ್ತು. ಕನಿಷ್ಠ ಬಾಕಿ ಇಡಲಿಲ್ಲವೆಂದು ಮೂರು ತಿಂಗಳಿಗೊಮ್ಮೆ 150 ರೂಪಾಯಿ ದಂಡ, ಅದರ ಮೇಲೆ 27 ರೂಪಾಯಿ ತೆರಿಗೆ. ಹೀಗೆ ಐದು ಸಲ 177 ರೂಪಾಯಿಯಂತೆ ಒಟ್ಟು 885 ರೂಪಾಯಿ ಹೋಗಿತ್ತು. ಅವ್ವನಿಗೆ ತೋರಿಸಿದರೆ, “ಬ್ಯಾಂಕಿನವರ ಜೋಡಿ ಯಾರು ಜಗಳ ಆಡ್ತಾರಪ್ಪ? ಹೋದ್ರ ಹೋಗ್ಲಿ ಬಿಡು” ಎಂದಳು.

ನಾನು ಕಾನೂನು ಓದಿದವನಲ್ಲ. ಬಿ.ಎಸ್ಸಿ. ಮುಗಿಸಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ ಇಪ್ಪತ್ತು ವರ್ಷಗಳಾದವು. ಆದರೆ ಕಾಗದ ಬರೆಯುವುದು, ಅದಕ್ಕೆ ನಂಬರು ಹಾಕುವುದು, ಉತ್ತರ ಬಾರದಿದ್ದರೆ ನೆನಪೋಲೆ ಕಳಿಸುವುದು ನನ್ನ ಕಸುಬು. ಅವ್ವನ ದಂಡದ ವಿಷಯಕ್ಕೆ ಏನು ಬರೆಯಬಹುದೆಂದು ಹುಡುಕುತ್ತಿದ್ದಾಗ ಇಂಗ್ಲೆಂಡಿನಲ್ಲಿ ನಡೆದ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಲ್ಲಿ ಲಕ್ಷಗಟ್ಟಲೆ ಸಾಮಾನ್ಯ ಜನ ವಕೀಲರ ನೆರವಿಲ್ಲದೆ ಬರೀ ಕಾಗದ ಬರೆದು ತಮ್ಮ ಬ್ಯಾಂಕುಗಳಿಂದ ಹಣ ವಾಪಸು ಪಡೆದರು. ಆಮೇಲೆ ಆ ನಾಡಿನ ಅತ್ಯುನ್ನತ ನ್ಯಾಯಾಲಯದಲ್ಲಿ ಸೋತರು. ಹೀಗೆ ಗೆದ್ದು ಸೋತ ಕಥೆಯಲ್ಲಿ ನಮಗೂ ಪಾಠವಿದೆ ಎಂದು ತೋರಿದ್ದರಿಂದ ಸಂಘದ ವಾಚಕರ ಮುಂದೆ ಇಡುತ್ತಿದ್ದೇನೆ.

ಸಣ್ಣ ವ್ಯಾಜ್ಯಗಳ ಕೋರ್ಟು

ಕೋರ್ಟು ಎಂದರೆ ನಮ್ಮ ಹಿರಿಯರು ಹೇಳುತ್ತಿದ್ದ ಮಾತು ಒಂದೇ: ಗೆದ್ದವನು ಸೋತ, ಸೋತವನು ಸತ್ತ. ಹತ್ತು ರೂಪಾಯಿಯ ನ್ಯಾಯಕ್ಕೆ ನೂರು ರೂಪಾಯಿ ಖರ್ಚಾದರೆ ಕೋರ್ಟಿನ ಮೆಟ್ಟಿಲು ಹತ್ತುವವರಾರು? ಈ ತೊಂದರೆ ಇಂಗ್ಲೆಂಡಿಗೂ ಇತ್ತು. ಸಣ್ಣ ಮೊತ್ತದ ಬಾಕಿಗಳನ್ನು ಊರೂರಿನಲ್ಲೇ ತೀರ್ಮಾನಿಸಲೆಂದು 1846ರ ಕಾಯಿದೆಯಿಂದ ಅಲ್ಲಿ ಕೌಂಟಿ ಕೋರ್ಟುಗಳು ಹುಟ್ಟಿದವು. ಅದೇ ವಿಚಾರ ಬ್ರಿಟಿಷರ ಜೊತೆ ನಮ್ಮಲ್ಲಿಗೂ ಬಂತು. ಮುಂಬಯಿ, ಕಲಕತ್ತೆ, ಮದರಾಸುಗಳಿಗೆ 1882ರಲ್ಲಿ, ಉಳಿದ ಊರುಗಳಿಗೆ 1887ರಲ್ಲಿ ಸ್ಮಾಲ್ ಕಾಸ್ ಕೋರ್ಟಿನ ಕಾಯಿದೆಗಳಾದವು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ಎಂದು ಕರೆಯುವುದು, ನಾವು ಪುಣೆಯವರು ಮನೆ ಬಾಡಿಗೆಯ ತಕರಾರಿಗೆ ಹೆಸರು ಕೇಳುವುದು ಈ ಬಗೆಯ ಕೋರ್ಟನ್ನೇ.

ಇಂಗ್ಲೆಂಡಿನ ಕೌಂಟಿ ಕೋರ್ಟುಗಳೂ ಕಾಲಕ್ರಮದಲ್ಲಿ ವಕೀಲರ ಕೋರ್ಟುಗಳೇ ಆಗಿಹೋದವು. ಸಾಲ ಕೊಟ್ಟ ಕಂಪನಿಗಳು ಬಡವರ ಮೇಲೆ ದಾವಾ ಹೂಡಲು ಅವನ್ನು ಬಳಸಿದಷ್ಟು ಬಡವರು ಕಂಪನಿಗಳ ಮೇಲೆ ಬಳಸಲಿಲ್ಲ. ಆದ್ದರಿಂದ 1973ರಲ್ಲಿ ಸಣ್ಣ ಮೊತ್ತದ ದಾವೆಗಳಿಗೆ ಬೇರೆಯೇ ಒಂದು ಸರಳ ವಿಧಾನವನ್ನು ತಂದರು. 1999ರಲ್ಲಿ ಸಿವಿಲ್ ನಿಯಮಗಳನ್ನೆಲ್ಲ ಹೊಸದಾಗಿ ಬರೆದಾಗ ಅದರ ಮಿತಿಯನ್ನು 5,000 ಪೌಂಡಿಗೆ ಏರಿಸಿದರು. ಇದರ ಮುಖ್ಯ ಗುಣವೊಂದಿದೆ. ಸಾಮಾನ್ಯ ದಾವೆಯಲ್ಲಿ ಸೋತವನು ಗೆದ್ದವನ ವಕೀಲರ ಶುಲ್ಕವನ್ನೂ ಕೊಡಬೇಕು. ಸಣ್ಣ ದಾವೆಯಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಬ್ಯಾಂಕು ಎಷ್ಟೇ ದೊಡ್ಡ ವಕೀಲನನ್ನು ಕರೆತಂದರೂ ಅದರ ಖರ್ಚು ಗ್ರಾಹಕನ ತಲೆಗೆ ಬರುವುದಿಲ್ಲ. ಬಡವನು ಧೈರ್ಯ ಮಾಡಲು ಇಷ್ಟು ಸಾಕಾಯಿತು.

ದಂಡ ಬೀಳುತ್ತಿದ್ದ ಬಗೆ

ಬ್ರಿಟನ್ನಿನಲ್ಲಿ ಸಂಬಳದವರ ದಿನದ ವ್ಯವಹಾರವೆಲ್ಲ ಚಾಲ್ತಿ ಖಾತೆಯಲ್ಲಿ ನಡೆಯುತ್ತದೆ. ಖಾತೆಯಲ್ಲಿ ಹಣವಿದ್ದಷ್ಟು ದಿನ ಬ್ಯಾಂಕು ಏನನ್ನೂ ಕೇಳುವುದಿಲ್ಲ. ಚೆಕ್ಕು, ಕಾರ್ಡು, ಬಿಲ್ಲು ಪಾವತಿ ಎಲ್ಲವೂ ಪುಕ್ಕಟೆ. ಆದರೆ ಖಾತೆಯಲ್ಲಿ 5 ಪೌಂಡ್ ಇದ್ದಾಗ 20 ಪೌಂಡಿನ ವಿದ್ಯುತ್ ಬಿಲ್ಲು ಬಂದರೆ ಬ್ಯಾಂಕಿಗೆ ಎರಡು ದಾರಿ. ತಾನೇ ಕೊಟ್ಟು ಖಾತೆಯನ್ನು ಸಾಲಕ್ಕೆ ಇಳಿಸಬಹುದು, ಇಲ್ಲವೇ ಬಿಲ್ಲನ್ನು ಹಿಂದಿರುಗಿಸಬಹುದು. ಎರಡರಲ್ಲಿ ಯಾವುದನ್ನು ಮಾಡಿದರೂ ದಂಡ ತಪ್ಪುತ್ತಿರಲಿಲ್ಲ.

2000ದ ದಶಕದ ಮಧ್ಯದಲ್ಲಿ ಈ ದಂಡ ಒಂದೊಂದು ಬಾರಿಗೆ ಸುಮಾರು 25ರಿಂದ 39 ಪೌಂಡುಗಳಷ್ಟಿತ್ತು. ಮೂವತ್ತು ಪೌಂಡೆಂದರೆ ಆಗಿನ ವಿನಿಮಯದಲ್ಲಿ ಸುಮಾರು ಎರಡೂವರೆ ಸಾವಿರ ರೂಪಾಯಿ. ಒಂದೇ ದಿನ ನಾಲ್ಕು ಬಿಲ್ಲು ಬಂದವೆನ್ನಿ, 30ರಂತೆ ನಾಲ್ಕು ದಂಡ, ಅಂದರೆ 120 ಪೌಂಡ್. ಆ ದಂಡವನ್ನೂ ಅದೇ ಖಾತೆಯಿಂದ ಮುರಿದುಕೊಳ್ಳುವುದರಿಂದ ಮುಂದಿನ ತಿಂಗಳ ಸಂಬಳ ಬಂದರೂ ಖಾತೆ ಮೇಲಕ್ಕೇಳದು. ಮತ್ತೆ ಬಿಲ್ಲು, ಮತ್ತೆ ದಂಡ. ಮೊದಲ ಕೊರತೆ 15 ಪೌಂಡಿನದಾದರೂ ವರ್ಷದ ಕೊನೆಗೆ ನೂರಾರು ಪೌಂಡು ಹೋಗಿರುತ್ತಿತ್ತು. ಹಣ ಕಡಿಮೆಯಿದ್ದವರೇ ಹೆಚ್ಚು ದಂಡ ಕಟ್ಟಿದರು. ಅವರ ದಂಡದಿಂದಲೇ ಹಣವಿದ್ದವರ ಖಾತೆ ಪುಕ್ಕಟೆ ನಡೆಯಿತು. ಅಲ್ಲಿನ ನ್ಯಾಯಯುತ ವ್ಯಾಪಾರ ಕಚೇರಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2006ರಲ್ಲಿ ಈ ಬಗೆಯ ದಂಡಗಳಿಂದ ಬ್ಯಾಂಕುಗಳಿಗೆ ಬಂದದ್ದು ಸುಮಾರು 260 ಕೋಟಿ ಪೌಂಡ್.

ಹಳೆಯ ನ್ಯಾಯ, ಹೊಸ ಆಯುಧ

ಇದನ್ನು ಪ್ರಶ್ನಿಸಲು ಎರಡು ಕಾನೂನುಗಳಿದ್ದವು. ಒಂದು ಹಳೆಯದು. 1914ರಲ್ಲಿ ಡನ್‌ಲಪ್ ಟೈರ್ ಕಂಪನಿಯ ಮೊಕದ್ದಮೆಯಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಒಂದು ಅಳತೆಗೋಲು ಕೊಟ್ಟಿತ್ತು. ಕರಾರು ಮುರಿದವನು ಇಷ್ಟು ಹಣ ಕೊಡಬೇಕೆಂದು ಬರೆದಿದ್ದರೆ, ಆ ಮೊತ್ತ ಆಗಬಹುದಾದ ನಷ್ಟದ ಪ್ರಾಮಾಣಿಕ ಅಂದಾಜಾಗಿರಬೇಕು. ಹೆದರಿಸಲಿಕ್ಕೆಂದು ಇಟ್ಟ ದಂಡವಾದರೆ ಅದು ನಿಲ್ಲದು. ನಮ್ಮ 1872ರ ಕರಾರು ಕಾಯಿದೆಯ 74ನೆಯ ಕಲಮಿನಲ್ಲೂ ಇದಕ್ಕೆ ಹತ್ತಿರದ ಮಾತಿದೆ. ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ಸಿಗಬೇಕಾದದ್ದು ಸಮಂಜಸವಾದ ಪರಿಹಾರ ಮಾತ್ರ. ಎರಡನೆಯದು ಹೊಸದು. ಐರೋಪ್ಯ ಸಮುದಾಯದ 1993ರ ನಿರ್ದೇಶನವನ್ನು ಅನುಸರಿಸಿ ಬ್ರಿಟನ್ ಮಾಡಿದ 1999ರ ನಿಯಮಗಳು, ಗ್ರಾಹಕನಿಗೆ ಅನ್ಯಾಯವಾಗುವ ಕರಾರಿನ ಷರತ್ತುಗಳು ಅವನನ್ನು ಕಟ್ಟಿಹಾಕವು ಎಂದು ಹೇಳಿದವು.

2006ರ ಏಪ್ರಿಲಿನಲ್ಲಿ ನ್ಯಾಯಯುತ ವ್ಯಾಪಾರ ಕಚೇರಿ ಕ್ರೆಡಿಟ್ ಕಾರ್ಡಿನ ತಡಪಾವತಿ ದಂಡಗಳು ವಿಪರೀತವೆಂದೂ, 12 ಪೌಂಡಿಗಿಂತ ಹೆಚ್ಚಿನ ದಂಡವನ್ನು ಸಾಮಾನ್ಯವಾಗಿ ಅನ್ಯಾಯವೆಂದೇ ಭಾವಿಸುವುದಾಗಿಯೂ ಸಾರಿತು. ಕಾರ್ಡಿನ ದಂಡ ಅನ್ಯಾಯವಾದರೆ ಖಾತೆಯ ದಂಡ ನ್ಯಾಯ ಹೇಗೆ ಎಂದು ಜನ ಕೇಳತೊಡಗಿದರು. ಕಂಪ್ಯೂಟರ್ ತಾನಾಗಿ ಕಳಿಸುವ ಒಂದು ಓಲೆಗೆ 30 ಪೌಂಡ್ ಖರ್ಚೇ? ಗ್ರಾಹಕ ಸಂಘಟನೆಗಳು, ಮಾರ್ಟಿನ್ ಲೂಯಿಸ್‌ರಂಥ ಪತ್ರಕರ್ತರು ಮಾದರಿ ಕಾಗದಗಳನ್ನು ಬರೆದು ಹಂಚಿದರು. ಹೆಸರು, ಖಾತೆ ನಂಬರು, ಮೊತ್ತ ತುಂಬಿದರೆ ಕಾಗದ ಸಿದ್ಧ.

ಮೂರು ಕಾಗದಗಳು

ಕೆಲಸ ನಡೆದ ಕ್ರಮ ಹೀಗಿತ್ತು. ಮೊದಲನೆಯ ಕಾಗದ ಲೆಕ್ಕ ಕೇಳುವುದು. 1998ರ ಮಾಹಿತಿ ರಕ್ಷಣೆಯ ಕಾಯಿದೆಯಂತೆ ತನ್ನ ಬಗ್ಗೆ ಬ್ಯಾಂಕಿನಲ್ಲಿರುವ ದಾಖಲೆಯನ್ನು ಯಾರೂ ಕೇಳಬಹುದಿತ್ತು. ಶುಲ್ಕ ಹೆಚ್ಚೆಂದರೆ 10 ಪೌಂಡ್, ಬ್ಯಾಂಕು 40 ದಿನಗಳೊಳಗೆ ಕೊಡಬೇಕು. ಇಂಗ್ಲೆಂಡಿನಲ್ಲಿ ಇಂಥ ಹಕ್ಕಿನ ಕಾಲಮಿತಿ ಆರು ವರ್ಷವಾದ್ದರಿಂದ ಆರು ವರ್ಷದ ಲೆಕ್ಕ ತರಿಸಿ, ದಂಡದ ಸಾಲುಗಳಿಗೆ ಕೆಂಪು ಗೆರೆ ಹಾಕಿ ಕೂಡುತ್ತಿದ್ದರು.

ಎರಡನೆಯದು ಹಣ ಕೇಳುವ ಕಾಗದ. ಇಂಥ ತಾರೀಖಿನಂದು ಇಷ್ಟು ದಂಡ ಮುರಿದಿದ್ದೀರಿ, ನಿಮಗಾದ ನಿಜವಾದ ಖರ್ಚಿಗೂ ಇದಕ್ಕೂ ಸಂಬಂಧವಿಲ್ಲ, 14 ದಿನಗಳಲ್ಲಿ ಹಿಂದಿರುಗಿಸಿ ಎಂಬುದು ಅದರ ಸಾರ. ಬ್ಯಾಂಕಿನಿಂದ ಆಗುವುದಿಲ್ಲವೆಂಬ ಉತ್ತರ ಬರುತ್ತಿತ್ತು, ಇಲ್ಲವೇ ಅರ್ಧ ಹಣ ಕೊಡುತ್ತೇವೆ ಎಂಬ ಚೌಕಾಸಿ. ಮೂರನೆಯದು ಕೊನೆಯ ನೋಟೀಸು. ಇನ್ನು 14 ದಿನ ಕಾಯುತ್ತೇನೆ, ಆಮೇಲೆ ಕೌಂಟಿ ಕೋರ್ಟು.

ಅದಕ್ಕೂ ಜಗ್ಗದಿದ್ದರೆ ದಾವೆ. ಕೋರ್ಟಿನ ಒಂದು ನಮೂನೆ ತುಂಬಿ ಶುಲ್ಕ ಕಟ್ಟಿದರಾಯಿತು. 2002ರಿಂದ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ದಾವೆ ಹೂಡುವ ಅನುಕೂಲವೂ ಇತ್ತು. 1984ರ ಕೌಂಟಿ ಕೋರ್ಟುಗಳ ಕಾಯಿದೆಯಂತೆ ವರ್ಷಕ್ಕೆ ಶೇಕಡಾ 8ರ ಬಡ್ಡಿಯನ್ನೂ ಕೇಳುತ್ತಿದ್ದರು.

ಆಗ ನಡೆದದ್ದು ಗಮನಿಸತಕ್ಕದ್ದು. ಬ್ಯಾಂಕುಗಳು ವಿಚಾರಣೆಗೆ ಹಾಜರಾಗುವ ಬದಲು, ಹಲವೊಮ್ಮೆ ತಾರೀಖಿಗೆ ಕೆಲವೇ ದಿನ ಮೊದಲು, ಕೇಳಿದ ಹಣವನ್ನು ಕೊಟ್ಟು ದಾವೆಯನ್ನು ಮುಗಿಸಿಬಿಡುತ್ತಿದ್ದವು. ತಪ್ಪು ನಮ್ಮದೆಂದು ಒಪ್ಪುತ್ತಿರಲಿಲ್ಲ, ಹಣ ಮಾತ್ರ ಕೊಡುತ್ತಿದ್ದವು. ವಾದ ಮಾಡಿದರೆ ಒಂದು ದಂಡದ ಹಿಂದಿನ ನಿಜವಾದ ಖರ್ಚು ಎಷ್ಟೆಂದು ಕೋರ್ಟಿನಲ್ಲಿ ಹೇಳಬೇಕಾಗುತ್ತದೆ, ಅದಕ್ಕೆ ಹೆದರಿ ಹೀಗೆ ಮಾಡುತ್ತಾರೆ ಎಂದು ಹೋರಾಟಗಾರರು ವಾದಿಸಿದರು. ಒಂದು ಸಾವಿರ ಪೌಂಡಿನ ದಾವೆಗೆ ವಕೀಲನನ್ನು ಕಳಿಸುವುದಕ್ಕಿಂತ ಕೊಟ್ಟುಬಿಡುವುದೇ ಅಗ್ಗವಾಗಿತ್ತು ಎಂಬುದೂ ಸುಳ್ಳಲ್ಲ.

ಆದರೆ ಇದರಲ್ಲೇ ಒಂದು ಬಲಹೀನತೆ ಅಡಗಿತ್ತು. ಒಬ್ಬೊಬ್ಬರಿಗೂ ಹಣ ಸಿಕ್ಕಿತೇ ಹೊರತು ಎಲ್ಲರಿಗೂ ಅನ್ವಯಿಸುವ ತೀರ್ಪು ಹೊರಡಲಿಲ್ಲ. ಕಾಗದ ಬರೆದವನಿಗೆ ಚೆಕ್ಕು ಬಂತು. ಬರೆಯದ ಪಕ್ಕದ ಮನೆಯವನ ಖಾತೆಯಿಂದ ದಂಡ ಮುರಿಯುವುದು ಮುಂದುವರಿಯಿತು. 2007ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮಿನ ಕೌಂಟಿ ಕೋರ್ಟಿನಲ್ಲಿ ಒಂದು ಬ್ಯಾಂಕು ನಿಜಕ್ಕೂ ವಾದಕ್ಕೆ ನಿಂತಿತು. ಗ್ರಾಹಕ ಸೋತ. ಆ ತೀರ್ಪು ಬೇರೆ ಕೋರ್ಟುಗಳನ್ನು ಕಟ್ಟಿಹಾಕುವಂಥದ್ದಲ್ಲವಾದರೂ ದಾರಿ ನೆಟ್ಟಗಿಲ್ಲವೆಂಬ ಸೂಚನೆ ಅದಾಗಿತ್ತು.

ಲಂಡನ್ನಿನ ತೀರ್ಪು

2007ರ ಜುಲೈ 27ರಂದು ನ್ಯಾಯಯುತ ವ್ಯಾಪಾರ ಕಚೇರಿ ಏಳು ಬ್ಯಾಂಕುಗಳೊಡನೆ ಮತ್ತು ನೇಷನ್‌ವೈಡ್ ಎಂಬ ಗೃಹಸಾಲ ಸಂಸ್ಥೆಯೊಡನೆ ಒಂದು ಒಪ್ಪಂದಕ್ಕೆ ಬಂತು. ಎಲ್ಲರ ಪರವಾಗಿ ಒಂದೇ ಮಾದರಿ ಮೊಕದ್ದಮೆಯನ್ನು ಹೈಕೋರ್ಟಿನಲ್ಲಿ ನಡೆಸುವುದು, ತೀರ್ಪು ಬರುವವರೆಗೆ ಉಳಿದ ತಕರಾರುಗಳನ್ನು ತಡೆಹಿಡಿಯುವುದು. ಹಣಕಾಸು ನಿಯಂತ್ರಣ ಪ್ರಾಧಿಕಾರ ಇದಕ್ಕೆ ಬ್ಯಾಂಕುಗಳಿಗೆ ರಿಯಾಯಿತಿ ಕೊಟ್ಟಿತು. ಊರೂರಿನ ಕೋರ್ಟುಗಳಲ್ಲಿದ್ದ ದಾವೆಗಳು ನಿಂತುಹೋದವು. ಜುಲೈ 27ಕ್ಕೆ ಮೊದಲು ಕಾಗದ ಬರೆದು ಹಣ ಪಡೆದವನು ಪಾರಾದ. ನಾಳೆ ಬರೆದರಾಯಿತೆಂದು ಕುಳಿತವನು ಸಾಲಿನಲ್ಲಿ ನಿಂತ.

2008ರ ಏಪ್ರಿಲ್ 24ರಂದು ಹೈಕೋರ್ಟಿನ ನ್ಯಾಯಮೂರ್ತಿ ಆಂಡ್ರ್ಯೂ ಸ್ಮಿತ್ ಎರಡು ಮಾತು ಹೇಳಿದರು. ಬ್ಯಾಂಕುಗಳ ಆಗಿನ ಷರತ್ತುಗಳಲ್ಲಿದ್ದ ಶುಲ್ಕಗಳು ಹಳೆಯ ಕಾನೂನಿನ ಅರ್ಥದಲ್ಲಿ ದಂಡವಲ್ಲ. ಏಕೆಂದರೆ ಖಾತೆ ಮೀರಿ ಹಣ ತೆಗೆಯುವುದಿಲ್ಲವೆಂದು ಗ್ರಾಹಕನು ಮಾತು ಕೊಟ್ಟಿರಲೇ ಇಲ್ಲ. ಮೀರಿದರೆ ಅದು ಸಾಲ ಕೇಳಿದಂತೆ ಎಂದು ಷರತ್ತುಗಳನ್ನು ಬರೆಯಲಾಗಿತ್ತು. ಮುರಿಯಲು ಕರಾರೇ ಇಲ್ಲದಿದ್ದಲ್ಲಿ ದಂಡವೆಲ್ಲಿಂದ? ಆದರೆ 1999ರ ನಿಯಮಗಳ ಪ್ರಕಾರ ಅವು ನ್ಯಾಯವೋ ಅನ್ಯಾಯವೋ ಎಂದು ಪರೀಕ್ಷಿಸಬಹುದು ಎಂದರು. 2009ರ ಫೆಬ್ರವರಿ 26ರಂದು ಮೇಲ್ಮನವಿಯ ಕೋರ್ಟು ಈ ಎರಡನೆಯ ಮಾತನ್ನು ಎತ್ತಿಹಿಡಿಯಿತು. ಜನ ಗೆದ್ದೆವೆಂದೇ ತಿಳಿದರು.

ಬ್ರಿಟನ್ನಿನ ಹೊಸ ಸುಪ್ರೀಂ ಕೋರ್ಟು 2009ರ ಅಕ್ಟೋಬರ್ 1ರಿಂದ ಕೆಲಸ ಆರಂಭಿಸಿತ್ತು. ನವೆಂಬರ್ 25ರಂದು ಅದರ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಕೆಳಗಿನ ತೀರ್ಪುಗಳನ್ನು ತಳ್ಳಿಹಾಕಿದರು. ನಿಯಮಗಳಲ್ಲಿ ಒಂದು ವಿನಾಯಿತಿ ಇತ್ತು. ಷರತ್ತು ಸರಳವಾದ ಭಾಷೆಯಲ್ಲಿದ್ದರೆ, ವಸ್ತುವಿನ ಅಥವಾ ಸೇವೆಯ ಬೆಲೆ ಹೆಚ್ಚಾಯಿತೆಂಬ ಕಾರಣಕ್ಕೆ ಕೋರ್ಟು ಅದನ್ನು ತೂಗಬಾರದು. ಖಾತೆಯ ಸೇವೆಗಳೆಲ್ಲ ಒಂದೇ ಕಟ್ಟು, ಈ ಶುಲ್ಕಗಳು ಆ ಕಟ್ಟಿನ ಬೆಲೆಯ ಭಾಗ ಎಂದು ನ್ಯಾಯಾಲಯ ಹೇಳಿತು. ಚಾಲ್ತಿ ಖಾತೆಗಳಿಂದ ಬ್ಯಾಂಕುಗಳಿಗೆ ಬರುವ ಆದಾಯದಲ್ಲಿ ಶೇಕಡಾ 30ಕ್ಕೂ ಹೆಚ್ಚು ಈ ಶುಲ್ಕದಿಂದಲೇ ಬರುತ್ತಿದ್ದುದು ಈ ವಾದಕ್ಕೆ ಆಧಾರವಾಯಿತು. ಅಂದರೆ ಜನರು ಯಾವುದನ್ನು ಅನ್ಯಾಯದ ಸಾಕ್ಷಿ ಎಂದು ತೋರಿಸಿದ್ದರೋ ಅದೇ ಬ್ಯಾಂಕಿನ ರಕ್ಷಣೆಯಾಯಿತು. ಶುಲ್ಕಗಳು ನ್ಯಾಯವಾದವು ಎಂದು ಕೋರ್ಟು ಹೇಳಲಿಲ್ಲ. ಬೆಲೆಯನ್ನು ಈ ದಾರಿಯಿಂದ ಅಳೆಯಲಾಗದು ಎಂದಷ್ಟೇ ಹೇಳಿತು. ಡಿಸೆಂಬರಿನಲ್ಲಿ ನ್ಯಾಯಯುತ ವ್ಯಾಪಾರ ಕಚೇರಿ ವಿಚಾರಣೆಯನ್ನು ಕೈಬಿಟ್ಟಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದಿದ್ದವರಲ್ಲಿ ಬಹುಪಾಲು ಜನಕ್ಕೆ ಬರಿಗೈ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕೋರ್ಟಿನಲ್ಲಿ ಸಿಗದ್ದು ಹತ್ತು ವರ್ಷದ ಮೇಲೆ ನಿಯಮದಿಂದ ಸಿಕ್ಕಿತು. ಹಣಕಾಸು ನಡವಳಿಕೆ ಪ್ರಾಧಿಕಾರ ಎಂಬ ಹೊಸ ಸಂಸ್ಥೆ 2019ರಲ್ಲಿ ಆಜ್ಞೆ ಮಾಡಿ, 2020ರ ಏಪ್ರಿಲ್ 6ರಿಂದ ಖಾತೆ ಮೀರಿದ್ದಕ್ಕೆ ದಿನಕ್ಕಿಷ್ಟು, ತಿಂಗಳಿಗಿಷ್ಟು ಎಂಬ ನಿಗದಿತ ಶುಲ್ಕಗಳನ್ನೇ ನಿಷೇಧಿಸಿತು. ಬಡ್ಡಿಯೊಂದನ್ನೇ ಹಾಕಬೇಕು. ಮೊದಲೇ ಒಪ್ಪಿಗೆ ಪಡೆಯದೆ ಮೀರಿದವನಿಗೆ ಒಪ್ಪಿಗೆ ಪಡೆದವನಿಗಿಂತ ಹೆಚ್ಚು ದರ ಹಾಕಕೂಡದು. ಬಿಲ್ಲು ಹಿಂದಿರುಗಿಸಿದ್ದಕ್ಕೆ ತಗಲುವ ಖರ್ಚಿಗೆ ಅನುಗುಣವಾಗಿ ಮಾತ್ರ ಶುಲ್ಕ. ಬ್ಯಾಂಕುಗಳೇನು ಸುಮ್ಮನಿರಲಿಲ್ಲ, ಹಲವು ಬ್ಯಾಂಕುಗಳು ಬಡ್ಡಿಯನ್ನು ಶೇಕಡಾ 40ರ ಸಮೀಪಕ್ಕೆ ಏರಿಸಿದವು. ಆದರೂ 15 ಪೌಂಡಿನ ಕೊರತೆಗೆ ಕೆಲವು ದಿನದ ಬಡ್ಡಿ ಎಂದರೆ ಪೆನ್ನಿಗಳ ಲೆಕ್ಕ. ಮೂವತ್ತು ಪೌಂಡಿನ ದಂಡಕ್ಕೂ ಇದಕ್ಕೂ ಅಜಗಜಾಂತರ.

ನಮ್ಮಲ್ಲಿ

ನಮ್ಮ ಕನ್ನಡನಾಡಿನ ಕರಾವಳಿಗೆ ಬ್ಯಾಂಕು ಹೊಸದಲ್ಲ. ಕೆನರಾ ಬ್ಯಾಂಕು 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೆ ಹೋಗಿ ಪುಡಿಕಾಸನ್ನು ಶೇಖರಿಸಿತು. ಕೆಲವು ಆಣೆಗಳಿಗಾಗಿ ಬಾಗಿಲಿಗೆ ಬಂದಿದ್ದ ಬ್ಯಾಂಕಿನ ಕಸುಬು, ನಿಮ್ಮ ಖಾತೆಯಲ್ಲಿ ಹಣ ಕಡಿಮೆಯಾಯಿತೆಂದು ದಂಡ ಹಾಕುವಲ್ಲಿಗೆ ಬಂದು ನಿಂತದ್ದು ಕಾಲದ ಮಹಿಮೆ.

ರಿಸರ್ವ್ ಬ್ಯಾಂಕು 2014ರ ನವೆಂಬರ್ 20ರ ಸುತ್ತೋಲೆಯಲ್ಲಿ ಈ ದಂಡಕ್ಕೆ ಕಟ್ಟುಪಾಡು ಹಾಕಿ, 2015ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಬಾಕಿ ಕಡಿಮೆಯಾಗಿದೆಯೆಂದು ಗ್ರಾಹಕನಿಗೆ ಮೊದಲು ತಿಳಿಸಬೇಕು, ಸರಿಪಡಿಸಲು ಒಂದು ತಿಂಗಳಿಗೆ ಕಡಿಮೆಯಿಲ್ಲದ ಅವಕಾಶ ಕೊಡಬೇಕು, ದಂಡವು ಕೊರತೆಗೆ ತಕ್ಕಂತಿರಬೇಕು, ದಂಡದಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಇಳಿಯಬಾರದು. ಆದರೂ 2017ರ ಏಪ್ರಿಲಿನಿಂದ ನವೆಂಬರಿನವರೆಗಿನ ಎಂಟು ತಿಂಗಳಲ್ಲಿ ಸ್ಟೇಟ್ ಬ್ಯಾಂಕೊಂದೇ ಈ ಬಾಬತ್ತಿನಲ್ಲಿ 1,771 ಕೋಟಿ ರೂಪಾಯಿ ಸಂಗ್ರಹಿಸಿದ ಲೆಕ್ಕ ಹೊರಬಂದಾಗ ದೇಶದಲ್ಲಿ ದೊಡ್ಡ ಗದ್ದಲವಾಯಿತು. ಬ್ಯಾಂಕು 2018ರಲ್ಲಿ ದಂಡವನ್ನು ತಗ್ಗಿಸಿ, 2020ರ ಮಾರ್ಚಿನಲ್ಲಿ ತೆಗೆದೇಹಾಕಿತು. 2025ರಲ್ಲಿ ಕೆನರಾ ಬ್ಯಾಂಕು ಮತ್ತು ಇನ್ನು ಕೆಲವು ಸರ್ಕಾರಿ ಬ್ಯಾಂಕುಗಳು ಅದೇ ದಾರಿ ಹಿಡಿದವು.

ದೂರು ಕೊಡಲು ನಮಗೂ ಜಾಗಗಳಿವೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಬ್ಯಾಂಕಿನ ಸೇವೆಯನ್ನೂ ಒಳಗೊಂಡಿತ್ತು. ಅದರ ಜಾಗಕ್ಕೆ ಬಂದ 2019ರ ಕಾಯಿದೆಯಲ್ಲೂ ಗ್ರಾಹಕನು ವಕೀಲನಿಲ್ಲದೆ ತಾನೇ ಜಿಲ್ಲಾ ಆಯೋಗದ ಮುಂದೆ ನಿಲ್ಲಬಹುದು. ದೂರನ್ನು ಎರಡು ವರ್ಷದೊಳಗೆ ಕೊಡಬೇಕು. ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ವ್ಯವಸ್ಥೆ 1995ರಿಂದ ಇದೆ, 2021ರ ನವೆಂಬರಿನಲ್ಲಿ ಅದನ್ನು ಒಂದೇ ಯೋಜನೆಯಾಗಿ ಒಗ್ಗೂಡಿಸಲಾಯಿತು. ಅಲ್ಲಿಗೆ ಹೋಗುವ ಮೊದಲು ಬ್ಯಾಂಕಿಗೇ ಬರೆದು 30 ದಿನ ಕಾಯಬೇಕು. ಎಲ್ಲ ದಾರಿಯೂ ಮೊದಲ ಕಾಗದದಿಂದಲೇ ಆರಂಭವಾಗುತ್ತದೆ.

ನಾನೂ ಕಾಗದವನ್ನೇ ಬರೆದೆ. ಅವ್ವನ ಸಹಿ ಹಾಕಿಸಿ, ಐದು ತಾರೀಖುಗಳನ್ನೂ ಐದು ಮೊತ್ತಗಳನ್ನೂ ಪಟ್ಟಿ ಮಾಡಿ, ಸುತ್ತೋಲೆಯ ತಾರೀಖು ಹಾಕಿ, ಮುನ್ಸೂಚನೆ ಕೊಟ್ಟ ದಾಖಲೆ ಇದ್ದರೆ ತೋರಿಸಿ, ಇಲ್ಲವಾದರೆ ಹಣ ಹಿಂದಿರುಗಿಸಿ ಎಂದು ಕೇಳಿದೆ. ಮೊದಲ ಕಾಗದಕ್ಕೆ ಉತ್ತರವಿಲ್ಲ. ಎರಡನೆಯದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯ ಪ್ರತಿಯನ್ನು ಕಡತದಲ್ಲಿಟ್ಟೆ. ಇಪ್ಪತ್ತಾರನೆಯ ದಿನ ಖಾತೆಗೆ 885 ರೂಪಾಯಿ ಜಮೆಯಾಯಿತು. ಜೊತೆಗೆ ಒಂದು ಸಾಲಿನ ವಿವರಣೆಯೂ ಇರಲಿಲ್ಲ. ಇಂಗ್ಲೆಂಡಿನ ಬ್ಯಾಂಕುಗಳಂತೆಯೇ ಇವರೂ ಹಣ ಕೊಟ್ಟರು, ತಪ್ಪು ಒಪ್ಪಲಿಲ್ಲ.

ಅವ್ವನಿಗೆ ಹೇಳಿದೆ. ಸಂತೋಷಪಟ್ಟಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀ ಬರದಿ, ನಂದು ಬಂತು. ಬಾಜೂಮನಿ ಮುದುಕಿದೂ ಅದೇ ಬ್ಯಾಂಕಿನ್ಯಾಗ ಐತಿ. ಆಕೀಗೆ ಯಾರು ಬರದು ಕೊಡ್ತಾರ?” ಎಂದಳು. ಲಕ್ಷಗಟ್ಟಲೆ ಕಾಗದಗಳಿಂದ ಇಂಗ್ಲೆಂಡಿನಲ್ಲಿ ಉತ್ತರ ಸಿಗದೆ ಉಳಿದಿದ್ದ ಪ್ರಶ್ನೆಯೂ ಇದೇ.

ಆ ಮುದುಕಿಯ ಪಾಸ್‌ಬುಕ್ಕಿನ ಪ್ರತಿಯನ್ನು ತರಿಸಿಕೊಂಡಿದ್ದೇನೆ. ನಮ್ಮ ಸಂಘದ ಸದಸ್ಯರಲ್ಲೂ ಊರಿನ ಹಳೆಯ ಖಾತೆಗಳನ್ನು ಮರೆತವರು, ಊರಲ್ಲಿ ವಯಸ್ಸಾದ ತಂದೆತಾಯಿಗಳಿರುವವರು ಇದ್ದೇ ಇದ್ದಾರೆ. ಮುಂದಿನ ತಿಂಗಳ ಸಭೆಗೆ ಬರುವಾಗ ಪಾಸ್‌ಬುಕ್ ತನ್ನಿ. ಕಾಗದ, ಪೆನ್ನು ಹಿಡಿದು ನಾನು ಬಾಗಿಲ ಬಳಿಯ ಮೇಜಿನಲ್ಲಿ ಕುಳಿತಿರುತ್ತೇನೆ.